ಒಂಬತ್ತನೇ ದಿನ ಮತ್ತೆ ಹಚ್ಚಿದ ಗೆಳೆಯನಿಗೆ

ಗೆಳೆಯಾ,

ರಾತ್ರಿ ನೀನು ಕಳಿಸಿದ ಮೆಸೇಜ್ ಬೆಳಿಗ್ಗೆ ಎದ್ದ ಮೇಲೆ ನೋಡಿದೆ. "ಕೋಲ್ಡ್ ಟರ್ಕಿ, ಒಂದೇ ಏಟಿಗೆ ಸಿಗರೇಟ್ ಬಿಡ್ತೀನಿ ಅಂತ ಎಲ್ಲರ ಮುಂದೆ ಜಂಬ ಕೊಚ್ಚಿದ್ದೆ, ಒಂಬತ್ತನೇ ದಿನಕ್ಕೆ ಹಚ್ಚಿಬಿಟ್ಟೆ ಕಣೋ, ನನ್ನ ಕೈಲಿ ಆಗಲ್ಲ" ಅಂತ ಬರೆದಿದ್ದೀಯ. ಫೋನ್ ಮಾಡೋಣ ಅಂದುಕೊಂಡೆ, ಆದರೆ ಫೋನಿನಲ್ಲಿ ನೀನು ಮಾತು ತಿರುಗಿಸಿಬಿಡುತ್ತೀಯ. ಅದಕ್ಕೇ ಪತ್ರ. ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕಿದ್ದೇನೆ, ನಿನ್ನ ಹೆಸರು ಹಾಕಿಲ್ಲ, ಬೈಯಬೇಡ.

ತಣ್ಣಗಿನ ಟರ್ಕಿ ಕೋಳಿಗೂ ಚಟ ಬಿಡುವುದಕ್ಕೂ ಏನು ಸಂಬಂಧ ಅಂತ ಒಮ್ಮೆ ಕೇಳಿದ್ದೆಯಲ್ಲ, ಆಮೇಲೆ ಹುಡುಕಿದೆ. 1921ರಲ್ಲೇ ಕೆನಡಾದ ಒಂದು ಪತ್ರಿಕೆಯಲ್ಲಿ ಈ ಮಾತು ಬಂದಿದೆ, ಅಮಲಿನ ಚಟ ಹತ್ತಿದವರಿಗೆ ಕೊಡುವ ಚಿಕಿತ್ಸೆಯ ಹೆಸರಾಗಿ. ಸ್ವಲ್ಪ ಸ್ವಲ್ಪ ಕಮ್ಮಿ ಮಾಡುವುದೆಲ್ಲ ಇಲ್ಲ, ಒಂದೇ ಏಟಿಗೆ ಬಂದ್. ಹೆರಾಯಿನ್ ನಿಲ್ಲಿಸಿದವರ ಮೈ ಮುಳ್ಳೆದ್ದು ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಕಾಣುತ್ತದೆ, ಅದಕ್ಕೇ ಈ ಹೆಸರು ಅಂತ ಕೆಲವರು ಹೇಳುತ್ತಾರೆ. ಸುತ್ತಿ ಬಳಸದೆ ನೇರವಾಗಿ ಮಾತಾಡುವುದಕ್ಕೆ ಅಮೆರಿಕದವರು 'ಟಾಕ್ ಟರ್ಕಿ' ಅನ್ನುತ್ತಿದ್ದರು, ಅದರಿಂದಲೇ ಬಂತು ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ, ಆದರೆ ಹೇಳುವುದಕ್ಕೆ ಮಜಾ ಜಾಸ್ತಿ ಮೊದಲನೆಯದರಲ್ಲಿ.

ನನಗೆ ಸಿಟ್ಟಿರುವುದು ಇಂಗ್ಲಿಷಿನವರ ಇನ್ನೊಂದು ಮಾತಿನ ಮೇಲೆ, 'ಕಿಕ್ ದ ಹ್ಯಾಬಿಟ್'. ಚಟಕ್ಕೆ ಒಂದು ಒದೆ ಕೊಟ್ಟರೆ ಮುಗೀತಂತೆ. ಒದ್ದರೂ ಹೋಗಲಿಲ್ಲ ಅಂದರೆ ನಿನ್ನ ಕಾಲಲ್ಲೇ ಕಸುವಿಲ್ಲ ಅಂತ ಆಯ್ತಲ್ಲ! ನಮ್ಮ ಮಾತು ನೋಡು. ಚಟ ಹತ್ತುತ್ತದೆ, ಅಂಟುತ್ತದೆ, ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ದೆವ್ವ ಬಿಡ್ತು, ಮಳೆ ಬಿಡ್ತು, ಜ್ವರ ಬಿಡ್ತು, ಎಲ್ಲಕ್ಕೂ ಇದೇ ಮಾತು. ಬಿಟ್ಟ ಜ್ವರ ಸಂಜೆಗೆ ಮತ್ತೆ ಬಂದರೆ ಯಾರಾದರೂ 'ನೀನು ಸೋತೆ' ಅನ್ನುತ್ತಾರಾ? ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ನೀನು ಗಾದೆ ಬೇರೆ ಹೇಳುತ್ತೀಯ. ಸಿಗರೇಟ್ ಕಚ್ಚಿಕೊಂಡು ಹುಟ್ಟಿದವರನ್ನು ನಾನಂತೂ ನೋಡಿಲ್ಲ.

ನನ್ನದು ಬಿಟ್ಟಿದ್ದು ನಾಲ್ಕನೇ ಸಲಕ್ಕೆ. ಮೊದಲ ಸಲ ಎರಡು ದಿನ, ಎರಡನೇ ಸಲ ಮೂರು ವಾರ. ಮೂರನೇ ಸಲ ಐದು ತಿಂಗಳು ಮುಟ್ಟಿರಲಿಲ್ಲ, ಹತ್ತಿರದವರೊಬ್ಬರ ಮದುವೆ ಮನೆಯ ಖುಷಿಯಲ್ಲಿ ಯಾರೋ 'ಒಂದು ದಮ್ ಎಳಿ, ಏನಾಗಲ್ಲ' ಅಂದರು, ಎಳೆದೆ, ವಾರದೊಳಗೆ ಹಳೇ ಲೆಕ್ಕಕ್ಕೇ ಬಂದು ನಿಂತಿದ್ದೆ. ದುಃಖದಲ್ಲಿ ಜಾರುತ್ತೇವೆ ಅಂತ ಎಲ್ಲರೂ ಎಚ್ಚರಿಸುತ್ತಾರೆ, ಖುಷಿಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ.

ದೇಹದ ಲೆಕ್ಕಕ್ಕೆ ಬಂದರೆ ನೀನು ಕಡಿದಾದ ಏರು ಹತ್ತಿ ಆಗಿತ್ತು. ಚಟ ಹತ್ತಿಸುವ ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಗೆ ಅರ್ಧಕ್ಕಿಳಿಯುತ್ತದೆ, ಸಿಡುಕು, ನಿದ್ದೆಗೇಡು, ಚಡಪಡಿಕೆ ಎಲ್ಲ ಜೋರಾಗಿರುವುದು ಮೊದಲ ಎರಡು ಮೂರು ದಿನ. ಒಂಬತ್ತನೇ ದಿನ ನಿನ್ನನ್ನು ಕೆಡವಿದ್ದು ಊಟ ಆದ ತಕ್ಷಣ ಜೇಬು ತಡವುವ ಆ ಕೈ, ಅಷ್ಟೇ. ಆ ರೂಢಿ ಹೋಗೋಕೆ ತಿಂಗಳುಗಟ್ಟಲೆ ಬೇಕು.

ಒಂದೇ ಏಟಿಗೆ ಬಿಡುವುದು ತಪ್ಪು ದಾರಿ ಅಂತಲೂ ಅಲ್ಲ. ಇಂಗ್ಲೆಂಡಿನ ಸುಮಾರು 700 ಜನರ ಮೇಲೆ ಮಾಡಿದ ಒಂದು ಅಧ್ಯಯನ 2016ರಲ್ಲಿ ಬಂತು. ಆರು ತಿಂಗಳ ನಂತರ ನೋಡಿದರೆ, ಒಮ್ಮೆಲೇ ಬಿಟ್ಟವರಲ್ಲಿ 100ಕ್ಕೆ 22 ಜನ ಸೇದದೆ ಉಳಿದಿದ್ದರು, ಎರಡು ವಾರ ಕಮ್ಮಿ ಮಾಡುತ್ತಾ ಬಂದು ಬಿಟ್ಟವರಲ್ಲಿ 15-16 ಜನ. ಅಂದರೆ ಗೆದ್ದ ಗುಂಪಿನಲ್ಲೇ 78 ಜನ ನಿನ್ನ ಪಕ್ಕ ಕೂತಿದ್ದಾರೆ, ಒಂಟಿ ಅಂದುಕೊಳ್ಳಬೇಡ. ಮತ್ತೆ ಅವರಿಗೆಲ್ಲ ಮೈಗೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ (ಪ್ಯಾಚ್) ಕೊಟ್ಟಿದ್ದರು. ನೀನು ಬರಿಗೈಯಲ್ಲಿ ಹೋಗಿದ್ದೆ, ಈ ಸಲ ಡಾಕ್ಟರನ್ನು ಕೇಳು.

ಒಂದು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಎಣ್ಣೆ ಬಿಡುವವರಿಗೆ ನಿನ್ನ ಕೋಲ್ಡ್ ಟರ್ಕಿ ಉಪದೇಶ ಮಾಡಬೇಡ. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಕೈ ನಡುಗುವುದಷ್ಟೇ ಅಲ್ಲ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಕುತ್ತು. ಅದನ್ನು ಡಾಕ್ಟರ ಕಣ್ಣೆದುರೇ ಬಿಡಿಸಬೇಕು.

ಇನ್ನು ಆ ಪ್ಯಾಕಿನಲ್ಲಿ ಎಷ್ಟು ಉಳಿದಿದೆ ಅಂತ ನೀನು ಬರೆದಿಲ್ಲ. ಎಷ್ಟೇ ಇರಲಿ, ನೀರಲ್ಲಿ ನೆನೆಸಿ ಬಿಸಾಕು. ಸುಮ್ನೆ ಬಿಸಾಕಿದರೆ ರಾತ್ರಿ ಕಸದ ಬುಟ್ಟಿಯಿಂದ ಎತ್ತಿಕೊಳ್ಳುತ್ತೀಯ, ನಾನು ಎತ್ತಿಕೊಂಡಿದ್ದೇನೆ. ತಡೆಯೋಕೆ ಆಗಲ್ಲ ಅನ್ನಿಸಿದಾಗ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಬೇಕಾದರೆ ಬೈಕೊಂಡೇ ಮಾತಾಡು, ಹತ್ತು ನಿಮಿಷ ಕಳೆದರೆ ಸಾಕು.

ನಿನ್ನವನೇ