ನನ್ನ ಕಾಯಿಲೆ, ನನ್ನನ್ನೇ ಕೇಳಿ

ಮಾನ್ಯರೇ,

ಸಕ್ಕರೆ ಕಾಯಿಲೆಯ ತಪಾಸಣೆಗೆ ಮಗನ ಜೊತೆ ಆಸ್ಪತ್ರೆಗೆ ಹೋಗುತ್ತೇನೆ. ವೈದ್ಯರು ನನ್ನತ್ತ ಒಮ್ಮೆ ಕಣ್ಣು ಹಾಯಿಸಿ, "ಅಮ್ಮನಿಗೆ ಊಟ ಸೇರುತ್ತದೆಯೇ? ನಿದ್ದೆ ಹೇಗಿದೆ?" ಎಂದು ಮಗನನ್ನು ಕೇಳುತ್ತಾರೆ. ಊಟ ಮಾಡುವವಳು ನಾನು, ರಾತ್ರಿಯಿಡೀ ಎಚ್ಚರವಿರುವವಳೂ ನಾನೇ! "ಅಂಗಾಲು ಜೋಮು ಹಿಡಿದಂತಿರುತ್ತದೆ, ಚಪ್ಪಲಿ ಕಳಚಿಕೊಂಡರೂ ತಿಳಿಯುವುದಿಲ್ಲ" ಎಂದು ಬಾಯಿ ತೆರೆದರೆ, ಮಾತು ಮುಗಿಯುವ ಮೊದಲೇ ಮಗ "ವಯಸ್ಸಾಯಿತಲ್ಲ ಡಾಕ್ಟರೇ" ಎನ್ನುತ್ತಾನೆ. ಔಷಧಿ ಚೀಟಿಯೂ ಅವನ ಕೈಗೇ ಹೋಗುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಕುಂದಿದರೆ ಅದು ನರಗಳಿಗೆ ಪೆಟ್ಟಾಗಿರುವ ಲಕ್ಷಣವಿರಬಹುದು. ಆಗ ಗಾಯವಾದರೂ ನೋವು ತಿಳಿಯುವುದಿಲ್ಲ. ಅದು ಕೊಳೆತು ಕಾಲನ್ನೇ ತೆಗೆಯಬೇಕಾದೀತು. ಇದನ್ನು ಮೊದಲು ಹೇಳಬಲ್ಲವರು ರೋಗಿಗಳೇ. ರಕ್ತಪರೀಕ್ಷೆಯ ವರದಿಯಲ್ಲಿ ಜೋಮು ಕಾಣುವುದಿಲ್ಲ.

ಮಗ ಕೆಟ್ಟವನಲ್ಲ. ರಜೆ ಹಾಕಿ ಕರೆತರುತ್ತಾನೆ, ಔಷಧಿಯ ಖರ್ಚಿಗೆ ಎಂದೂ ಹಿಂದೆಮುಂದೆ ನೋಡಿದವನಲ್ಲ. ಹಿರಿಯ ನಾಗರಿಕರಿಗೆ ಮಕ್ಕಳಿಂದ ಜೀವನಾಂಶ ಕೊಡಿಸುವ 2007ರ ಕಾಯ್ದೆಯ ಅಗತ್ಯ ನನಗೆ ಬಿದ್ದಿಲ್ಲ. ಆದರೆ ಮನೆಯಲ್ಲೂ "ಆಯಿತಮ್ಮ, ಆಮೇಲೆ ಹೇಳು" ಎಂಬುದೇ ಉತ್ತರ. ಆ ಆಮೇಲೆ ಬರುವುದೇ ಇಲ್ಲ. ಇದು ನನ್ನನ್ನು ಕಾಲುನೋವಿಗಿಂತ ಹೆಚ್ಚು ಹಿಂಡುತ್ತದೆ.

ಹೊರಗೆ ಸಾಲು ಉದ್ದವಿರುತ್ತದೆ ಎಂಬುದನ್ನು ಬಲ್ಲೆ. ಆದರೂ ವೈದ್ಯರು ಮೊದಲ ಎರಡು ನಿಮಿಷ ರೋಗಿಯ ಮುಖ ನೋಡಿ ಕೇಳಲಿ. ಜೊತೆಗೆ ಬಂದವರು ಅಷ್ಟು ಹೊತ್ತು ಸುಮ್ಮನಿರಲಿ. ಚಪ್ಪಲಿ ತೆಗೆಸಿ ಪಾದವನ್ನೊಮ್ಮೆ ಮುಟ್ಟಿ ನೋಡಲಿ.

– ಹಿರಿಯ ಓದುಗರೊಬ್ಬರು, ಸಾಗರ