ಬ್ಯಾಟರಿ ಪಾಠ ಹೇಳಿದ ಅಣ್ಣನಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಹೋಗಿದ್ದಿರಿ. ಹಾಗಾಗಿ ಥ್ಯಾಂಕ್ಸ್ ಇಲ್ಲೇ ಹೇಳುತ್ತಿದ್ದೇನೆ.

ಕಾರಿನ ಬ್ಯಾಟರಿ ಬಿಚ್ಚುವಾಗ ಸ್ಪಾನರ್ ಪ್ಲಸ್‌ಗೂ ಬಾಡಿಗೂ ಒಟ್ಟಿಗೆ ತಾಗಿ ಚಟ್ ಅಂತ ಕಿಡಿ ಹಾರಿತು. ಓಡಿ ಬಂದ ನೀವು ಮೊದಲು ನೋಡಿದ್ದು ಬ್ಯಾಟರಿಯನ್ನಲ್ಲ, ನನ್ನ ಬೆರಳನ್ನು. ‘ಮೊದಲು ಉಂಗುರ ತೆಗೀರಿ’ ಅಂದಿರಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಸುಮ್ನೆ ಧೈರ್ಯವಾಗಿದ್ದೆ. ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ಉಂಗುರ ಬೆರಳಲ್ಲೇ ಕಾದು ಕೆಂಪಾಗಬಹುದು ಅಂತ ಗೊತ್ತಾಗಿದ್ದು ಆಗಲೇ. ಸ್ಪಾನರಿನ ಅಂಚು ಕರಗಿ ಸಣ್ಣ ಗುಳಿ ಬಿದ್ದಿದ್ದನ್ನೂ ತೋರಿಸಿದಿರಿ.

ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳಿದ್ದು ನೀವೊಬ್ಬರೇ. ಕಾರಿನ ಬಾಡಿ ಮೈನಸ್‌ಗೆ ಸೇರಿರುತ್ತದೆ. ಆ ವೈರ್ ಬಿಚ್ಚಿಟ್ಟರೆ, ಪ್ಲಸ್ ಬಿಚ್ಚುವಾಗ ಸ್ಪಾನರ್ ಬಾಡಿಗೆ ತಾಗಿದರೂ ಕರೆಂಟಿಗೆ ವಾಪಸ್ ಹೋಗುವ ದಾರಿ ಇರುವುದಿಲ್ಲ. ಎಷ್ಟು ಸರಳ, ಅಲ್ವಾ? ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಬೇಡ ಅಂತಲೂ ಎಚ್ಚರಿಸಿದಿರಿ.

ಆಮೇಲೆ ನಿಮ್ಮ ಟಾರ್ಚಿನಿಂದ ಲಿಥಿಯಂ ಸೆಲ್ ತೆಗೆದಿರಿ. ಅದರ ಮೈಯೆಲ್ಲ ಮೈನಸ್, ಪ್ಲಸ್ ತುದಿಯ ಸುತ್ತಲಿನ ಅಂಚಿನವರೆಗೂ. ಪ್ಲಸ್‌ಗೂ ಮೈನಸ್‌ಗೂ ನಡುವೆ ಇರುವುದು ಕರೆಂಟ್ ಹರಿಯಲು ಬಿಡದ ಒಂದು ತೆಳು ಬಳೆ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಅಷ್ಟೇ. ನನಗೆ ಜಾಸ್ತಿ ಹೆದರಿಕೆ ಆಗಿದ್ದು ಅದನ್ನು ನೋಡಿಯೇ. ಈಗ ಹೊದಿಕೆ ಹರಿದ ಸೆಲ್ ಬಳಸುವುದಿಲ್ಲ. ಬೀಗದ ಕೈ ಇರುವ ಜೇಬಿಗೆ ಬಿಡಿ ಸೆಲ್ ಹಾಕುವುದಿಲ್ಲ. 9 ವೋಲ್ಟ್ ಬ್ಯಾಟರಿ ಎಸೆಯುವ ಮುಂಚೆ ತುದಿಗಳಿಗೆ ಟೇಪ್ ಸುತ್ತುತ್ತೇನೆ. ತುಂಬಾ ಥ್ಯಾಂಕ್ಸ್ ಅಣ್ಣ.