ತಪ್ಪು ಮುಖವಾಡದ್ದಲ್ಲ, ಬೆಳಕಿನದು

ಮಾನ್ಯ ಸಂಪಾದಕರೇ,

ಹಳೆಯ ಹಾರರ್ ಆಂಥಾಲಜಿಗಳ, ಅಂದರೆ ಹಲವು ಬಿಡಿ ಕಥೆಗಳನ್ನು ಪೋಣಿಸಿದ ಭಯಾನಕ ಚಿತ್ರಗಳ, ಮಾತು ಬಂದಾಗಲೆಲ್ಲ ಸಿನಿಮಾ ಪುರವಣಿಗಳು ‘ರಬ್ಬರ್ ಮುಖವಾಡದ ಚಿತ್ರ’ ಎಂದು ನಕ್ಕು ಮುಗಿಸುತ್ತವೆ. ರಾಯ್ ವಾರ್ಡ್ ಬೇಕರ್ ನಿರ್ದೇಶನದ 1981ರ ಬ್ರಿಟಿಷ್ ಚಿತ್ರ ‘ದಿ ಮಾನ್‌ಸ್ಟರ್ ಕ್ಲಬ್’ಗೂ ಇದೇ ಗತಿ. ಅದರಲ್ಲಿ ಕೆಟ್ಟದ್ದು ಯಾಕೆ ಕೆಟ್ಟಿತು, ಗೆದ್ದದ್ದು ಹೇಗೆ ಗೆದ್ದಿತು ಎಂದು ಬಿಡಿಸಿ ನೋಡುವುದು ಹೆಚ್ಚು ಉಪಯುಕ್ತ.

ನಿರ್ಮಾಪಕ ಮಿಲ್ಟನ್ ಸುಬೋಟ್‌ಸ್ಕಿ ಅಮಿಕಸ್ ಸಂಸ್ಥೆಯಲ್ಲಿ 1965ರಿಂದಲೇ ಇಂಥ ಚಿತ್ರಗಳನ್ನು ಮಾಡಿ ಪಳಗಿದವರು. ಬಿಡಿ ಕಥೆಗಳಾದರೆ ದೊಡ್ಡ ನಟರ ಕೆಲವೇ ದಿನಗಳ ಕಾಲ್‌ಶೀಟ್ ಸಾಕು, ಪೋಸ್ಟರಿನಲ್ಲಿ ಮಾತ್ರ ಎಲ್ಲರ ಹೆಸರೂ ಮೆರೆಯುತ್ತದೆ. ಇಲ್ಲಿ ರಕ್ತಪಿಶಾಚಿಯಾದ ವಿನ್ಸೆಂಟ್ ಪ್ರೈಸ್, ಲೇಖಕನ ಪಾತ್ರದ ಜಾನ್ ಕ್ಯಾರಡೀನ್‌ರ ಕುತ್ತಿಗೆ ಕಚ್ಚಿ, ಆ ಉಪಕಾರಕ್ಕೆ ಪ್ರತಿಯಾಗಿ ಭೂತಗಳ ಕ್ಲಬ್ಬಿಗೆ ಕರೆದೊಯ್ದು ಕಥೆ ಹೇಳುತ್ತಾನೆ. ನಮ್ಮ ಬೇತಾಳನ ಹಾಗೆಯೇ. ಆದರೆ ಬೇತಾಳನ ಪ್ರಶ್ನೆ ವಿಕ್ರಮನನ್ನು ಮತ್ತೆ ಮರದತ್ತ ಓಡಿಸುತ್ತದೆ. ಇಲ್ಲಿ ಕಥೆ ಮುಗಿದೊಡನೆ ಪಾಪ್ ಹಾಡು ಶುರುವಾಗಿ, ಕಟ್ಟಿದ ಭಯವೆಲ್ಲ ಸೋರಿಹೋಗುತ್ತದೆ. ಮೊದಲ ನಿಜವಾದ ದೋಷ ಇದು.

ಎರಡನೆಯದು ಬೆಳಕು. ಕ್ಲಬ್ಬಿನ ಅತಿಥಿಗಳ ಮುಖವಾಡಗಳಲ್ಲಿ ಬಾಯಿ ಆಡುವುದಿಲ್ಲ, ಕಣ್ಣಿನ ತೂತಿನ ಅಂಚು ಕಾಣುತ್ತದೆ. ಇಂಥವನ್ನು ಹಿಂದಿನಿಂದ ಇಲ್ಲವೇ ಪಕ್ಕದಿಂದ ಬೆಳಗಿಸಿ, ಒಂದೆರಡು ಸೆಕೆಂಡಿಗೆ ಶಾಟ್ ಕತ್ತರಿಸಬೇಕು. ಇಲ್ಲಿ ಅವನ್ನು ಝಗಝಗಿಸುವ ಬೆಳಕಿನಲ್ಲಿ ಕುಣಿಯಲು ಬಿಟ್ಟಿದ್ದಾರೆ.

ಅದೇ ಕ್ಲಬ್ಬಿನಲ್ಲಿ ನರ್ತಕಿಯೊಬ್ಬಳು ಬಟ್ಟೆ ಕಳಚುತ್ತ ಚರ್ಮವನ್ನೂ ಕಳಚಿ ಅಸ್ಥಿಪಂಜರವಾಗುತ್ತಾಳೆ. ನೆರಳು ಮತ್ತು ಅನಿಮೇಷನ್ ಬಳಸಿದ್ದರಿಂದ ಅದು ಇಂದಿಗೂ ನಿಲ್ಲುತ್ತದೆ. ಮೂರನೇ ಕಥೆಯಲ್ಲಿ ಹೆಣ ತಿನ್ನುವ ಘೂಲ್‌ಗಳು ಹಳ್ಳಿಯನ್ನು ಹಿಡಿದ ಪೂರ್ವಕಥೆಗೆ ಸೆಟ್ ಹಾಕದೆ ಕಲಾವಿದ ಜಾನ್ ಬೋಲ್ಟನ್ ಬರೆದ ಚಿತ್ರಗಳನ್ನೇ ಒಂದರ ಹಿಂದೊಂದು ತೋರಿಸಿದ್ದಾರೆ. ಬಜೆಟ್ ಇಲ್ಲದವರು ಕಲಿಯಬೇಕಾದ ಜಾಣತನ ಇದು.

ಎಲ್ಲಕ್ಕಿಂತ ಗಟ್ಟಿ ಮೊದಲ ಕಥೆ. ಒಂಟಿ ಬಂಗಲೆಯ ರೇವನ್ ಒಬ್ಬ ಶ್ಯಾಡ್‌ಮಾಕ್, ಅಂದರೆ ಬೆರಕೆ ಭೂತ. ಅವನ ಅಸ್ತ್ರ ಬರೀ ಶಿಳ್ಳೆ. ಪಾರಿವಾಳಕ್ಕೆ ಎರಗಿದ ಬೆಕ್ಕು ಆ ಶಿಳ್ಳೆಗೆ ಸುಟ್ಟು ಕರಕಲಾಗುವುದನ್ನು ಮೊದಲೇ ತೋರಿಸಿ, ಪ್ರೀತಿಯ ನಾಟಕವಾಡಿ ತಿಜೋರಿಗೆ ಕೈಹಾಕುವ ಏಂಜೆಲಾಳ ಸರದಿಗೆ ನಮ್ಮನ್ನು ಕಾಯಿಸುತ್ತಾರೆ. ರೇವನ್ ಪಾತ್ರದ ಜೇಮ್ಸ್ ಲಾರೆನ್ಸನ್‌ರ ಮುಖಕ್ಕೆ ಬಿಳಿಚಿದ ಮೇಕಪ್ ಅಷ್ಟೇ, ಉಳಿದದ್ದು ಅವರ ಕಣ್ಣಿನ ಕೆಲಸ. ರೇವನ್‌ ಬಗ್ಗೆ ಹುಟ್ಟುವ ಮರುಕವೇ ಕೊನೆಯ ಶಿಳ್ಳೆಯನ್ನು ಅಸಹನೀಯವಾಗಿಸುತ್ತದೆ.

ನಡುವಿನ ರಕ್ತಪಿಶಾಚಿ ಕಥೆ ಹಾಸ್ಯದ್ದು: ಪಿಟೀಲು ಪೆಟ್ಟಿಗೆಯಲ್ಲಿ ಮರದ ಗೂಟ ಹೊತ್ತು ತಿರುಗುವ ಬೇಟೆಗಾರರು, ಗೂಟ ನಾಟದ ಅಂಗಿ ತೊಟ್ಟು ಟೊಮೆಟೊ ಕೆಚಪ್ ಚೆಲ್ಲಿ ಸತ್ತಂತೆ ನಟಿಸಿ ಬದುಕುವ ರಕ್ತಪಿಶಾಚಿ ಅಪ್ಪ. ಇಂಥ ಲಘು ಕಥೆಗೆ ನಡುವೆಯೇ ಜಾಗ. ಕೊನೆಗಿಟ್ಟಿದ್ದರೆ ಘೂಲ್‌ಗಳ ಮಂಜಿನ ಹಳ್ಳಿಗೆ ಈಗಿನ ತೂಕ ಸಿಗುತ್ತಿರಲಿಲ್ಲ.

1976ರ ಪುಟ್ಟಣ್ಣನವರ ‘ಕಥಾಸಂಗಮ’ದಿಂದಲೂ ಕನ್ನಡಕ್ಕೆ ಈ ಪ್ರಕಾರ ಹೊಸತಲ್ಲ. ಕಿರುಚಿತ್ರಗಳನ್ನು ಪೋಣಿಸಿ ಭಯಾನಕ ಚಿತ್ರ ಮಾಡಹೊರಟ ಹುಡುಗರು ಪುರವಣಿ ಓದುತ್ತಾರೆ. ಯಾವ ಶಾಟ್ ಸೋತಿತು, ದೀಪ ಎಲ್ಲಿತ್ತು, ಕಥೆಗಳ ಕ್ರಮ ಏಕೆ ಹಾಗಿದೆ ಎಂಬುದನ್ನು ವಿಮರ್ಶಕರು ಅವರಿಗಾಗಿ ದಯವಿಟ್ಟು ಬರೆಯಲಿ.

– ಓದುಗ, ಧಾರವಾಡ